ಊಟದ ಮೇಜಿನ ತುದಿಯಿಂದ

ಪ್ರೀತಿಯ ತಂಗಿ,

ನಿನ್ನ ಪತ್ರವನ್ನೂ ಅದರ ಜೊತೆ ಕಳಿಸಿದ ಕಾದಂಬರಿಯ ಮೊದಲ ಮೂರು ಅಧ್ಯಾಯಗಳನ್ನೂ ಓದಿದೆ. ಅಧ್ಯಾಯಗಳನ್ನು ಎರಡು ಸಲ ಓದಿದೆ. ‘ಮೇಡಂ’ ಅಂತ ಶುರುಮಾಡಿ ಕೊನೆಗೆ ಬರುವ ಹೊತ್ತಿಗೆ ‘ಅಕ್ಕಾ’ ಅಂದಿದ್ದೀಯಲ್ಲ, ಅದೇ ಇರಲಿ.

ಎರಡು ವಿಷಯ ಕೇಳಿದ್ದೀಯ. ಲಾಕ್‌ಡೌನಿನ ಕತೆಯನ್ನು ಈಗ ಯಾರು ಓದುತ್ತಾರೆ, ಜನಕ್ಕೆ ಸಾಕಾಗಿಹೋಗಿದೆಯಲ್ಲ ಎನ್ನುವುದು ಒಂದು. ಆ ದಿನಗಳಲ್ಲಿ ಮನೆಯೊಳಗೇ ಇದ್ದುಕೊಂಡು ನೀವು ಹೇಗೆ ಬರೆದಿರಿ ಎನ್ನುವುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಲಂಡನ್ನಿಗೆ ದೊಡ್ಡ ಪ್ಲೇಗು ಬಂದದ್ದು 1665ರಲ್ಲಿ. ಆ ವರ್ಷದ ಕತೆಯನ್ನು ಡೇನಿಯಲ್ ಡಿಫೋ ಪುಸ್ತಕವಾಗಿ ಹೊರತಂದದ್ದು 1722ರಲ್ಲಿ. ಪ್ಲೇಗಿನ ಹೊತ್ತಿಗೆ ಅವನಿಗೆ ಸುಮಾರು ಐದು ವರ್ಷ. 57 ವರ್ಷ ಕಳೆದ ಮೇಲೂ ಅದನ್ನು ಓದುವವರಿದ್ದರು, ಇವತ್ತಿಗೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ಡನ್ನು ಜಾಗತಿಕ ಪಿಡುಗು ಎಂದು ಕರೆದದ್ದು 2020ರ ಮಾರ್ಚ್ 11ರಂದು, ತುರ್ತುಸ್ಥಿತಿ ಮುಗಿಯಿತು ಎಂದು ಹೇಳಿದ್ದು 2023ರ ಮೇ 5ರಂದು. ಅದು ಶುರುವಾದಾಗ ನಿನಗೆ 16, ಮುಗಿದಾಗ 19. ಆ ವಯಸ್ಸು ನಿನಗೆ ಮತ್ತೆ ಬರುವುದಿಲ್ಲ. ಬೇರೆಯವರಿಗೆ ಸಾಕಾಗಿರಬಹುದು. ನಿನಗೆ ಸಾಕಾಗಿಲ್ಲ, ಬರೆಯಲು ಅಷ್ಟು ಸಾಕು.

ಎರಡನೆಯದಕ್ಕೆ ನಿಜ ಹೇಳಬೇಕೆಂದರೆ, ಮೊದಲ ಮೂರು ವಾರ ನಾನು ಒಂದು ಸಾಲೂ ಬರೆಯಲಿಲ್ಲ.

ಆಗ ಎಲ್ಲರ ಫೋನಿಗೂ ಒಂದು ಸಂದೇಶ ಬರುತ್ತಿತ್ತು, ನಿನಗೂ ಬಂದಿರಬಹುದು. ಪ್ಲೇಗಿನಿಂದ ನಾಟಕಶಾಲೆಗಳು ಮುಚ್ಚಿದಾಗ ಷೇಕ್ಸ್‌ಪಿಯರ್ ಸುಮ್ಮನೆ ಕೂರಲಿಲ್ಲ, ಕೇಂಬ್ರಿಡ್ಜ್ ಮುಚ್ಚಿದಾಗ ನ್ಯೂಟನ್ ಊರಿಗೆ ಹೋಗಿ ಗಣಿತವನ್ನೇ ಬದಲಾಯಿಸಿದ, ನೀವೇನು ಮಾಡುತ್ತಿದ್ದೀರಿ, ಅಂತ. ನಾನು ಅದನ್ನು ನಂಬಿದೆ. 200 ಪುಟದ ಹೊಸ ನೋಟ್‌ಬುಕ್ ತೆಗೆದು ಮೊದಲ ಪುಟದಲ್ಲಿ ತಾರೀಖು ಬರೆದಿಟ್ಟೆ. ತಾರೀಖಿನ ಕೆಳಗೆ ಏನೂ ಬರಲಿಲ್ಲ. ಇಷ್ಟು ವರ್ಷದಿಂದ ಬರೆಯುತ್ತಾ ಬಂದವಳಿಗೆ ಇದೇನಾಯಿತು ಎಂದು ಒಳಗೊಳಗೇ ನಾಚಿಕೆ. ನ್ಯೂಟನ್ ಹೋದದ್ದು ತಾಯಿಯ ಮನೆಗೆ. ಅವನಿಗೆ ಆಗ 22 ವರ್ಷ, ಮದುವೆಯಿಲ್ಲ, ಮಕ್ಕಳಿಲ್ಲ. ಅಲ್ಲಿ ಅವನ ಬಟ್ಟೆ ಒಗೆದವರು ಯಾರು ಎಂಬ ಪ್ರಶ್ನೆ ನನಗೆ ಹೊಳೆದದ್ದು ಬಹಳ ತಡವಾಗಿ.

ಲಾಕ್‌ಡೌನು ಎಲ್ಲರ ಕೈಗೂ ಸಮಯ ಕೊಟ್ಟಿತು ಎನ್ನುತ್ತಾರೆ. ನನ್ನ ಕೈಯಿಂದ ಅದು ಸಮಯ ಕಿತ್ತುಕೊಂಡಿತು. ಅದಕ್ಕೂ ಮೊದಲು ನಮ್ಮ ಮನೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಖಾಲಿ. ಯಜಮಾನರು ಆಫೀಸಿಗೆ, ಮಗಳು ಶಾಲೆಗೆ, ಅತ್ತೆ ತಮ್ಮ ಕೋಣೆಯಲ್ಲಿ ಮಲಗಿರುತ್ತಿದ್ದರು. ನಾನು ಬರೆದದ್ದೆಲ್ಲ ಆ ಐದು ಗಂಟೆಯ ಬೆಳೆ. ಅದು ಯಾರೂ ನನಗೆಂದು ಕೊಟ್ಟ ಸಮಯವಲ್ಲ, ಎಲ್ಲರೂ ಹೊರಗೆ ಹೋದ ಮೇಲೆ ಉಳಿದದ್ದು. ಎಲ್ಲರೂ ಮನೆಯಲ್ಲೇ ಉಳಿದಾಗ ಅದೂ ಹೋಯಿತು. ಮಲಗುವ ಕೋಣೆ ಆಫೀಸಾಯಿತು. ಹಜಾರ ತರಗತಿಯಾಯಿತು. ಏಪ್ರಿಲ್ ಹೊತ್ತಿಗೆ ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳ ಶಾಲೆ ಕಾಲೇಜು ಮುಚ್ಚಿದ್ದವಂತೆ. ಅವರಲ್ಲಿ ನೀನೂ ಒಬ್ಬಳು, ನನ್ನ ಮಗಳೂ ಒಬ್ಬಳು. ಅಷ್ಟೂ ಮನೆಗಳಲ್ಲಿ ಯಾರೋ ಒಬ್ಬರು ‘ಸದ್ದು ಮಾಡಬೇಡಿ, ಕ್ಲಾಸ್ ನಡೀತಿದೆ’ ಅನ್ನಿಸಿಕೊಂಡು ಪಾತ್ರೆಯನ್ನು ಮೆಲ್ಲಗೆ ಇಟ್ಟಿರುತ್ತಾರೆ.

ನನಗೆ ಸಿಕ್ಕಿದ್ದು ಊಟದ ಮೇಜಿನ ತುದಿ, ಅಡುಗೆಮನೆಗೆ ತಾಗಿದ ಕಡೆ. ಒಂದು ದಿನ ಬೆಳಿಗ್ಗೆ ಬೇಗ ಎದ್ದು ಅಲ್ಲಿ ಕೂತೆ. ಕತೆ ಬರಲಿಲ್ಲ. ಎದುರಿಗೆ ಸಿಂಕು ಕಾಣುತ್ತಿತ್ತು. ಆ ತಾರೀಖಿನ ಕೆಳಗೆ ಬರೆದೆ: ‘ಬೆಳಿಗ್ಗೆ 5.40. ಸಿಂಕಿನಲ್ಲಿ 11 ಲೋಟ. ಮನೆಯಲ್ಲಿರುವುದು ನಾಲ್ಕು ಜನ.’ ಅಷ್ಟೇ. ಮಾರನೆ ದಿನ ಬಾಗಿಲ ಚಿಲಕದ ಬಗ್ಗೆ ಬರೆದೆ. ಹೊರಗಿನಿಂದ ಬಂದ ಯಾವ ವಸ್ತುವನ್ನೂ ಮುಟ್ಟಿದ ಕೈಯಲ್ಲಿ ಅದನ್ನು ಮುಟ್ಟಬಾರದೆಂದು ಎಲ್ಲರೂ ಮೊಣಕೈಯಿಂದ ತಳ್ಳಿ ತಳ್ಳಿ, ಚಿಲಕದ ಪಕ್ಕದ ಬಣ್ಣ ಮಾಸಿ ಒಂದು ಗುರುತಾಗಿತ್ತು. ನೋಟ್‌ಬುಕ್ ತುಂಬುತ್ತಾ ಹೋಯಿತು. ಅದರಲ್ಲಿ ಭಾವನೆ ಎಂಬ ಪದ ಎಲ್ಲೂ ಇಲ್ಲ. ಯಾರು ಏನು ಮಾಡಿದರು, ಎಷ್ಟು ಹೊತ್ತಿಗೆ, ಎಲ್ಲಿ ನಿಂತು, ಅಷ್ಟೇ ಇದೆ. ಆಮೇಲೆ ನಾನು ಬರೆದ ಕತೆಗಳೆಲ್ಲ ಆ ನೋಟ್‌ಬುಕ್ಕಿನಿಂದ ಎದ್ದವು.

ಈಗ ನಿನ್ನ ಅಧ್ಯಾಯಗಳಿಗೆ ಬರುತ್ತೇನೆ. ನಿನಗೆ ಭಾಷೆ ಒಲಿದಿದೆ. ಖಾಲಿ ರಸ್ತೆಯ ಮೇಲೆ ಸಂಜೆಯ ಬಿಸಿಲು ಬಿದ್ದಿರುವ ಪುಟವನ್ನು ನಾನು ನಿಲ್ಲಿಸಿ ನಿಲ್ಲಿಸಿ ಓದಿದೆ. ಆದರೆ ಮೂರು ಅಧ್ಯಾಯದಲ್ಲಿ ನಿನ್ನ ನಾಯಕಿ 14 ಸಲ ಕಿಟಕಿಯ ಹತ್ತಿರ ಹೋಗುತ್ತಾಳೆ. ನಾನು ಎಣಿಸಿದೆ. ನಾಲ್ಕು ಸಲ ಊಟ ಮಾಡುತ್ತಾಳೆ. ನಾಲ್ಕು ಸಲವೂ ತಟ್ಟೆ ತಾನಾಗಿ ಅವಳ ಮುಂದೆ ಬಂದಿದೆ. ತಂದಿಟ್ಟವರು ಯಾರು? ತೆಗೆದವರು ಯಾರು? ‘ನಮ್ಮ ಮನೆಯಲ್ಲಿ ಏನೂ ನಡೆಯಲೇ ಇಲ್ಲ, ಅದಕ್ಕೇ ಕಿಟಕಿಯಾಚೆ ನೋಡಬೇಕಾಯಿತು’ ಅಂತ ಪತ್ರದಲ್ಲಿ ಬರೆದಿದ್ದೀಯ. ತಂಗೀ, ಆ ತಟ್ಟೆ ನಡೆದು ಬಂದಿದೆಯಲ್ಲ. ನಿನ್ನ ಬೆನ್ನ ಹಿಂದೆ ಇಡೀ ಕಾದಂಬರಿ ನಡೆಯುತ್ತಿತ್ತು, ನೀನು ಕಿಟಕಿಯ ಕಡೆ ಮುಖ ಮಾಡಿದ್ದೆ.

ಕಿಟಕಿ ಬೇಡವೆಂದು ನಾನು ಹೇಳುತ್ತಿಲ್ಲ. ಒಂದು ಕೋಣೆಯಲ್ಲಿ ಕೂತು ದೊಡ್ಡದನ್ನು ಬರೆಯಬಹುದು ಎಂಬುದಕ್ಕೆ ಎಲ್ಲರೂ ಕೊಡುವ ಉದಾಹರಣೆ ಕ್ಸೇವಿಯರ್ ದ ಮೇಸ್ತ್ರ. ದ್ವಂದ್ವಯುದ್ಧ ಮಾಡಿದ ತಪ್ಪಿಗೆ ಟ್ಯೂರಿನ್ನಿನಲ್ಲಿ ಅವನನ್ನು 42 ದಿನ ಕೋಣೆಯಲ್ಲಿ ಕೂಡಿಹಾಕಿದ್ದರು. ತನ್ನ ಕೋಣೆಯನ್ನೇ ಒಂದು ದೇಶವೆಂದುಕೊಂಡು ಅವನು ಪ್ರವಾಸಕಥನ ಬರೆದ, ಅದು ಅಚ್ಚಾದದ್ದು 1794ರಲ್ಲಿ. ಮಂಚ, ಕುರ್ಚಿ, ಗೋಡೆಯ ಚಿತ್ರ, ಎಲ್ಲದರ ಬಗ್ಗೆಯೂ ಬರೆದಿದ್ದಾನೆ. ನನಗೆ ಮುಖ್ಯವೆನಿಸಿದ್ದು ಬೇರೆ. ಜೊಆನೆತ್ತಿ ಎಂಬ ಸೇವಕ ಅವನ ಜೊತೆಗಿದ್ದ, ಮೇಸ್ತ್ರ ಆ ಸೇವಕನನ್ನು ಪುಸ್ತಕದಿಂದ ಹೊರಗಿಡಲಿಲ್ಲ. ಹೆಸರು ಹಿಡಿದು ಬರೆದ. 42 ದಿನ ಆ ಕೋಣೆ ನಡೆದದ್ದು ಯಾರ ಕೈಯಿಂದ ಎನ್ನುವುದು ಇವತ್ತಿಗೂ ನಮಗೆ ಗೊತ್ತಾಗುತ್ತದೆ.

ಇನ್ನೊಂದು ಕಡೆ ನೀನು ಎಡವಿದ್ದೀಯ. ಎರಡನೆಯ ಅಧ್ಯಾಯದಲ್ಲಿ ಅಪ್ಪ ಹೊರಗಿನಿಂದ ತಂದ ಪೊಟ್ಟಣಗಳನ್ನೆಲ್ಲ ಸೋಪಿನ ನೀರಿನ ಬಟ್ಟೆಯಿಂದ ಒರೆಸುತ್ತಾರೆ. ಬಹಳ ಒಳ್ಳೆಯ ದೃಶ್ಯ. ಅದರ ಕೆಳಗೇ ‘ಇದರಿಂದ ಪ್ರಯೋಜನವಿಲ್ಲವೆಂದು ಆಗ ಅವರಿಗೆ ತಿಳಿದಿರಲಿಲ್ಲ’ ಎಂದು ಸೇರಿಸಿದ್ದೀಯ. ಆ ವಾಕ್ಯ ಹೊಡೆದುಹಾಕು. ವಸ್ತುಗಳ ಮೇಲ್ಮೈಯಿಂದ ಸೋಂಕು ತಗಲುವುದು ಅಪರೂಪ, ಮುಖ್ಯ ದಾರಿ ಉಸಿರಾಡುವ ಗಾಳಿ ಎನ್ನುವುದು ಎಲ್ಲರ ತಿಳಿವಳಿಕೆಗೆ ಬರುವ ಹೊತ್ತಿಗೆ ವರ್ಷವೇ ಕಳೆದಿತ್ತು. ನಿನ್ನ ಅಪ್ಪ ಒರೆಸುತ್ತಿದ್ದ ಹೊತ್ತಿನಲ್ಲಿ ಆ ತಿಳಿವಳಿಕೆ ಯಾರಲ್ಲೂ ಇರಲಿಲ್ಲ, ಇದ್ದದ್ದು ಭಯ. ಒರೆಸಿದ ಮೇಲೆ ಅದನ್ನು ನೆಲದ ಮೇಲೆ ಸಾಲಾಗಿ ಇಟ್ಟು, ಮಕ್ಕಳು ದಾಟದಂತೆ ಅಡ್ಡ ಒಂದು ಕುರ್ಚಿ ಇಡುವ ಭಯ. ಇಂದಿನ ತಿಳಿವಳಿಕೆಯಿಂದ ಅಂದಿನ ಭಯವನ್ನು ತಿದ್ದಿದರೆ ನಿನ್ನ ಅಪ್ಪ ಓದುಗರ ಕಣ್ಣಿಗೆ ಪೆದ್ದರಾಗಿ ಕಾಣುತ್ತಾರೆ. ಅವರು ಪೆದ್ದರಲ್ಲ. ಮನೆಯವರನ್ನು ಕಾಯುತ್ತಿದ್ದರು.

ಕಾಯಿಲೆ ನಮ್ಮ ಮನೆಗೂ ಬಂತು. ಬಂದದ್ದು ನನಗೆ ಹೇಗೆ ತಿಳಿಯಿತು ಹೇಳುತ್ತೇನೆ. ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಮೇಜಿನ ತುದಿಯಲ್ಲಿ ಬರೆಯುತ್ತಾ ಕೂತಿದ್ದೆ. ಒಲೆಗೂ ನನಗೂ ನಡುವೆ ನಾಲ್ಕು ಹೆಜ್ಜೆ. ಹಾಲು ಉಕ್ಕಿ, ಬತ್ತಿ, ತಳ ಹಿಡಿದು ಕಪ್ಪಾಗಿದೆ. ಮಗಳು ಒಳಗಿನ ಕೋಣೆಯಿಂದ ಓಡಿಬಂದು ‘ಅಮ್ಮಾ, ಮನೆಯೆಲ್ಲ ಸೀದ ವಾಸನೆ, ನೀನೇನು ಮಾಡ್ತಿದ್ದೀಯಾ?’ ಅಂದಳು. ನಾನು ತಲೆಯೆತ್ತಿದರೆ ಅಡುಗೆಮನೆಯಲ್ಲಿ ಹೊಗೆ. ಒಲೆ ಆರಿಸಿ ಪಾತ್ರೆಯ ಮೇಲೆ ಬಗ್ಗಿದೆ. ವಾಸನೆ ಇಲ್ಲ. ಸೋಪು ಮೂಗಿಗೆ ಹಿಡಿದೆ, ಇಲ್ಲ. ಒದ್ದೆ ಮಸಿಬಟ್ಟೆ, ಇಲ್ಲ. ಮಗಳು ಎರಡು ಹೆಜ್ಜೆ ಹತ್ತಿರ ಬಂದಳು. ನಾನು ಕೈಯೆತ್ತಿ ‘ಅಲ್ಲೇ ನಿಲ್ಲು’ ಅಂದೆ. ಅವಳಿಗೂ ಅರ್ಥವಾಯಿತು. ನಾವಿಬ್ಬರೂ ಹಾಗೇ ನಿಂತಿದ್ದೆವು, ನಡುವೆ ಅವಳಿಗೆ ಮಾತ್ರ ಬರುತ್ತಿದ್ದ ಆ ವಾಸನೆ.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಿನ್ನ ಮೂರನೆಯ ಅಧ್ಯಾಯದಲ್ಲಿ ಅಮ್ಮನಿಗೆ ಕಾಯಿಲೆ ಬರುವುದನ್ನು ‘ಕರಾಳ ಛಾಯೆ ಮನೆಯನ್ನು ಆವರಿಸಿತು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಛಾಯೆಯನ್ನು ನಾನು ಕಾಣಲಾರೆ. ಅಮ್ಮ ಯಾವ ಕೋಣೆಗೆ ಹೋದರು? ಬಾಗಿಲು ಹಾಕಿಕೊಂಡವರು ಅವರೋ, ನೀವೋ? ಆವತ್ತಿನಿಂದ ಒಲೆ ಹಚ್ಚಿದ್ದು ಯಾರು? ಬಾಗಿಲಾಚೆಯಿಂದ ಅವರು ನಿನಗೆ ಹೇಳಿದ ಮೊದಲ ಮಾತು ಯಾವುದು? ಬಹುಶಃ ಅದು ಕಾಯಿಲೆಯ ಮಾತಾಗಿರಲಿಕ್ಕಿಲ್ಲ. ಯಾವ ಡಬ್ಬದಲ್ಲಿ ಏನಿದೆ ಅಂತ ಹೇಳಿರುತ್ತಾರೆ.

ಸಾವನ್ನು ಬರೆಯುವಾಗ ಇನ್ನೂ ನಿಧಾನ ಮಾಡು. ನನ್ನ ಚಿಕ್ಕಮ್ಮ ತೀರಿಕೊಂಡದ್ದು ಬೇರೆ ಊರಿನಲ್ಲಿ. ಹೋಗುವ ಹಾಗಿರಲಿಲ್ಲ. ಫೋನನ್ನು ನೀರಿನ ಬಾಟಲಿಗೆ ಒರಗಿಸಿಟ್ಟು ವಿಡಿಯೋ ಕಾಲಿನಲ್ಲಿ ನೋಡಿದೆವು. ಮೊದಲು ಯಾರದೋ ಭುಜ ಅಡ್ಡ ಬಂತು, ಆಮೇಲೆ ಚಿತ್ರ ನಿಂತುಹೋಯಿತು. ಆ ಕಡೆಯಿಂದ ಚಿಕ್ಕಮ್ಮನ ಮಗ ‘ಅಕ್ಕಾ, ಕಾಣಿಸ್ತಿದೆಯಾ?’ ಅಂತ ಕೇಳಿದ. ‘ಕಾಣಿಸ್ತಿದೆ ಕಣೋ’ ಅಂದೆ. ಏನೂ ಕಾಣಿಸುತ್ತಿರಲಿಲ್ಲ. ಅವನಿಗೆ ಇನ್ನೂ ಅದನ್ನು ಹೇಳಿಲ್ಲ. ಕತೆಯಾಗಿ ಬರೆಯಲು ಮೂರು ಸಲ ಕೂತೆ, ಆಗಲಿಲ್ಲ. ಕೆಲವು ಕಾಯಬೇಕಾಗುತ್ತದೆ, ಕಾಯಿಸು. ಆದರೆ ಬಾಟಲಿಯ ವಿಷಯ, ಭುಜದ ವಿಷಯ ಅವತ್ತೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಬರೆದಿಡದಿದ್ದರೆ ಇವತ್ತು ನನ್ನ ಬಳಿ ‘ಬಹಳ ದುಃಖವಾಯಿತು’ ಎಂಬುದು ಮಾತ್ರ ಇರುತ್ತಿತ್ತು.

ಮನೆ ಅಂದರೆ ಎಲ್ಲರಿಗೂ ನೆಮ್ಮದಿಯ ಜಾಗವಲ್ಲ ಎನ್ನುವುದನ್ನೂ ನೆನಪಿಡು. ಮನೆಗಳೊಳಗೆ ಹೆಂಗಸರ ಮೇಲೆ ಹಿಂಸೆ ಹೆಚ್ಚುತ್ತಿದೆ ಎಂದು 2020ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಗುಟೆರೆಸ್ ಅವರೇ ಸರ್ಕಾರಗಳಿಗೆಲ್ಲ ಎಚ್ಚರಿಕೆ ಕೊಡಬೇಕಾಯಿತು. ‘ಮನೆಯಲ್ಲೇ ಇರಿ, ಸುರಕ್ಷಿತವಾಗಿರಿ’ ಎಂಬ ಮಾತು ಕೆಲವರಿಗೆ ಬೀಗ ಹಾಕಿದ ಹಾಗೆ ಕೇಳಿಸಿತು. ಮನೆಯೇ ಇಲ್ಲದವರಿಗೆ ಹೇಗೆ ಕೇಳಿಸಿತೋ. ಇದೆಲ್ಲವನ್ನೂ ನಿನ್ನ ಕಾದಂಬರಿಯೊಳಗೆ ತುರುಕಬೇಕಿಲ್ಲ. ‘ನಾವೆಲ್ಲರೂ ಹೀಗೇ ಬದುಕಿದೆವು’ ಅಂತ ಮಾತ್ರ ಬರೆಯಬೇಡ. ನಿಮ್ಮ ಮನೆ ಹೀಗೆ ಬದುಕಿತು, ಅಷ್ಟನ್ನು ಬರೆ.

ಬರೆಯುವ ರೂಢಿಯ ಬಗ್ಗೆ ಕೇಳಿದ್ದೀಯಲ್ಲ, ನನಗೆ ಉಳಿದುಬಂದದ್ದು ಎರಡೇ. ಯಾರಾದರೂ ಕರೆದಾಗ ವಾಕ್ಯ ಮುಗಿಸಲು ಹೋಗದೆ ಅರ್ಧಕ್ಕೇ ಎದ್ದುಬಿಡುತ್ತಿದ್ದೆ. ವಾಪಸ್ಸು ಬಂದಾಗ ಆ ಅರ್ಧ ವಾಕ್ಯವೇ ಕೈಹಿಡಿದು ಒಳಗೆ ಕರೆದುಕೊಳ್ಳುತ್ತಿತ್ತು. ಇನ್ನೊಂದು, ಪಾತ್ರೆ ತೊಳೆಯುವಾಗ ಸಾಲು ಹೊಳೆದರೆ ಫೋನಿನ ರೆಕಾರ್ಡರ್ ಹಾಕಿ ಬಾಯಲ್ಲೇ ಹೇಳಿಬಿಡುತ್ತಿದ್ದೆ. ಪೂರ್ತಿ ಬಿಡುವು ಸಿಗುವವರೆಗೆ ಕಾದಿದ್ದರೆ ನಾನು ಇವತ್ತಿಗೂ ಕಾಯುತ್ತಲೇ ಇರುತ್ತಿದ್ದೆ.

ನಿನ್ನ ಅಧ್ಯಾಯ ಓದಿದ ಮೇಲೆ ಆ ಹಳೆಯ ರೆಕಾರ್ಡುಗಳನ್ನು ಹುಡುಕಿ ತೆಗೆದು ಕೇಳಿದೆ. ನನ್ನ ಸಾಲುಗಳು ಅಷ್ಟೇನೂ ಚೆನ್ನಾಗಿಲ್ಲ, ಅರ್ಧಕ್ಕರ್ಧ ನಲ್ಲಿ ನೀರಿನ ಸದ್ದಿನಲ್ಲಿ ಮುಳುಗಿಹೋಗಿವೆ. ಹಿಂದೆ ಮಗಳ ಕ್ಲಾಸಿನಿಂದ ಒಂದು ದನಿ ‘ನನ್ನ ಮಾತು ಕೇಳಿಸ್ತಿದೆಯಾ, ಕೇಳಿಸ್ತಿದೆಯಾ’ ಅನ್ನುತ್ತಿದೆ. ಆಚೆ ಕೋಣೆಯಲ್ಲಿ ಯಜಮಾನರು ಯಾರಿಗೋ ಸಮಾಧಾನ ಹೇಳುತ್ತಿದ್ದಾರೆ. ಒಂದು ರೆಕಾರ್ಡಿನ ಕೊನೆಯಲ್ಲಿ ಅತ್ತೆ ಬಂದು ‘ಇನ್ನೂ ಎಷ್ಟು ದಿನವಂತೆ?’ ಅಂತ ಕೇಳುತ್ತಾರೆ. ನಾನು ‘ಗೊತ್ತಿಲ್ಲ ಅತ್ತೆ’ ಅನ್ನುತ್ತೇನೆ. ‘ಸರಿ, ಆ ಲೋಟ ಇಲ್ಲಿ ಕೊಡು, ಒರೆಸ್ತೀನಿ’ ಅನ್ನುತ್ತಾರೆ. ಅವರು ಹೋಗಿ ಎರಡು ವರ್ಷವಾಯಿತು. ಅವರು ನನ್ನ ಪಕ್ಕ ನಿಂತು ಲೋಟ ಒರೆಸುತ್ತಿದ್ದರು ಎನ್ನುವುದೇ ನನಗೆ ಮರೆತುಹೋಗಿತ್ತು. ನೋಟ್‌ಬುಕ್ಕಿನಲ್ಲಿ ನಾನು ಬರೆದದ್ದು ಲೋಟದ ಲೆಕ್ಕ ಮಾತ್ರ.

ನಾಲ್ಕನೆಯ ಅಧ್ಯಾಯಕ್ಕೆ ಅವಸರ ಮಾಡಬೇಡ. ಅದಕ್ಕೂ ಮೊದಲು ಅಮ್ಮನ ಜೊತೆ ಒಂದು ಸಂಜೆ ಕೂತುಕೋ. ನಿನ್ನ ಕ್ಲಾಸು ನಡೆಯುವಾಗ ಅವರು ಎಲ್ಲಿ ಕೂತಿರುತ್ತಿದ್ದರು, ಕೇಳು. ಅವರಿಗೆ ಕೂರಲು ಜಾಗ ಇತ್ತೋ ಇಲ್ಲವೋ, ಅದನ್ನೂ ಕೇಳು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ನನಗೆ ಕಳಿಸು, ತಿದ್ದಬೇಡ.

ನಿನ್ನ
ಅಕ್ಕ