ಡಿ25.9 ಒತ್ತುವ ಮೊದಲು

ಉಡುಪಿ

ಪ್ರೀತಿಯ ಮಗಳೇ,

ಮಂಗಳೂರಲ್ಲಿ ಮೆಡಿಕಲ್ ಕೋಡಿಂಗ್ (ಚಾರ್ಟಿನ ರೋಗಗಳಿಗೆ ಕೋಡು ಹಾಕುವ) ಕೆಲಸಕ್ಕೆ ಸೇರಿದ್ದಿ, ಶುರುವಿಗೇ ಅಮೆರಿಕದ ಗೈನೆಕ್ (ಸ್ತ್ರೀರೋಗ) ಚಾರ್ಟು ಕೊಟ್ಟಿದ್ದಾರೆ ಅಂತ ನಿನ್ನಮ್ಮ ಹೇಳಿದಳು. ಫೈಬ್ರಾಯ್ಡ್, ಅಂದರೆ ಗರ್ಭಕೋಶದ ಸೌಮ್ಯ ಗಡ್ಡೆ, ಅಂತ ಕಂಡ ಕೂಡಲೇ ಡಿ25.9 ಒತ್ತುವ ಅಭ್ಯಾಸ ಮಾತ್ರ ಮಾಡಿಕೊಳ್ಳಬೇಡ ಮಾರಾಯ್ತಿ. ಅಮೆರಿಕದ ರೋಗ-ಕೋಡಿನ ಪಟ್ಟಿ ಐಸಿಡಿ-10-ಸಿಎಂನಲ್ಲಿ ಅದು ಗಡ್ಡೆಯ ಜಾಗ ಎಲ್ಲೂ ಬರೆದಿಲ್ಲದಾಗ ಹಾಕುವ ಕೋಡು.

ಗರ್ಭಕೋಶವನ್ನು ನಮ್ಮ ಕೆಂಪುಕಲ್ಲಿನ ಗೋಡೆ ಅಂದುಕೋ. ಒಳಗಿನ ಗಾರೆ ಎಂಡೋಮೆಟ್ರಿಯಂ, ನಡುವಿನ ಕಲ್ಲು ಸ್ನಾಯು, ಹೊರಗಿನ ಸುಣ್ಣ ಸಿರೋಸಾ. ಗಡ್ಡೆ ಒಳಗಾರೆಯ ಕಡೆ ಉಬ್ಬಿದರೆ ಸಬ್‌ಮ್ಯೂಕಸ್, ಡಿ25.0. ಕಲ್ಲಿನೊಳಗೇ ಇದ್ದರೆ ಇಂಟ್ರಾಮ್ಯೂರಲ್, ಡಿ25.1. ಸುಣ್ಣದ ಕಡೆ ಉಬ್ಬಿದರೆ ಸಬ್‌ಸಿರೋಸಲ್, ಡಿ25.2.

ಡಾಕ್ಟರ ನೋಟ್‌ನಲ್ಲಿ ಹೀಗಿದೆ ಅಂತಿಟ್ಟುಕೋ: ಹಿಂಗೋಡೆಯಲ್ಲಿ 3.2 ಸೆಂ.ಮೀ. ಇಂಟ್ರಾಮ್ಯೂರಲ್, ಫಂಡಸ್‌ನಲ್ಲಿ (ಗರ್ಭಕೋಶದ ಮೇಲ್ತುದಿ) 1.5 ಸೆಂ.ಮೀ. ಸಬ್‌ಸಿರೋಸಲ್. ಡಿ25.1, ಡಿ25.2 ಎರಡೂ ಹೋಗಬೇಕು. ಸೆಂಟಿಮೀಟರು, ಹಿಂಗೋಡೆ, ಫಂಡಸ್ ಯಾವುದಕ್ಕೂ ಇಲ್ಲಿ ಬೇರೆ ಕೋಡಿಲ್ಲ. ಫಿಗೋ (ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟ) ಟೈಪ್ ಅಂತ, ಗಡ್ಡೆಯ ಜಾಗ ಹೇಳುವ 0ಯಿಂದ 8ರವರೆಗೆ ಸಂಖ್ಯೆಯೂ ಕಾಣುತ್ತದೆ. 2-5 ಅಂತಿದ್ದರೆ ಗಡ್ಡೆಗಳು ಎರಡಲ್ಲ; ಒಂದೇ ಗಡ್ಡೆ ಒಳಗೂ ಹೊರಗೂ ಉಬ್ಬಿದೆ. ಪಕ್ಕದಲ್ಲಿ ಪದವಿಲ್ಲದೆ ಬರೀ ಸಂಖ್ಯೆ ಇದ್ದರೆ ನೀನೇ ಅರ್ಥ ಕಟ್ಟಬೇಡ, ಕ್ವೆರಿ ಹಾಕು, ಅಂದರೆ ಡಾಕ್ಟರನ್ನೇ ಕೇಳು.

ಪಾಲಿಪ್ (ಒಳಪದರದಿಂದ ಬೆಳೆಯುವ ದುರ್ಮಾಂಸ) ಅನ್ನು ಫೈಬ್ರಾಯ್ಡ್ ಜೊತೆ ಕಲಸಬೇಡ. ಎಂಡೋಮೆಟ್ರಿಯಲ್ ಪಾಲಿಪ್ ಎನ್84.0, ಸರ್ವಿಕ್ಸ್‌ನದ್ದು (ಗರ್ಭಕೋಶದ ಕೊರಳು) ಎನ್84.1. ಫೈಬ್ರಾಯ್ಡ್ ಇರುವವಳು ಗರ್ಭಿಣಿಯಾದರೆ ಓ34.1 ಮೊದಲು, ತ್ರೈಮಾಸಿಕಕ್ಕೆ ತಕ್ಕ ಕೊನೆಯ ಅಂಕಿಯೊಂದಿಗೆ. ಡಿ25 ಅದರ ಹಿಂದೆ.

ಹೆಚ್ಚು ಎಡವುವುದು 'ಪ್ರೊಬೇಬಲ್ ಫೈಬ್ರಾಯ್ಡ್'ನಲ್ಲಿ, ಅಂದರೆ ಬಹುಶಃ ಫೈಬ್ರಾಯ್ಡ್ ಅಂತ ಬರೆದಾಗ. ಹೊರರೋಗಿ ಚಾರ್ಟಲ್ಲಿ ಅದನ್ನು ರೋಗವೆಂದು ಕೋಡ್ ಮಾಡುವ ಹಾಗಿಲ್ಲ, ಲಕ್ಷಣ ಮಾತ್ರ: ಮುಟ್ಟು ಸರಿಯಾದ ಸಮಯಕ್ಕೇ ಬಂದು ವಿಪರೀತ ಸ್ರಾವವಾದರೆ ಎನ್92.0. ಒಳರೋಗಿ ಡಿಸ್‌ಚಾರ್ಜ್ ಹೊತ್ತಿಗೂ 'ಪ್ರೊಬೇಬಲ್' ಉಳಿದಿದ್ದರೆ, ರೋಗ ಇದೆಯೆಂದೇ ಕೋಡ್ ಮಾಡಬಹುದು. ಪೆಥಾಲಜಿ (ಅಂಗಾಂಶ ಪರೀಕ್ಷೆಯ) ರಿಪೋರ್ಟ್‌ನದ್ದು ಇದಕ್ಕೆ ಉಲ್ಟಾ. ಹೊರರೋಗಿಗೆ ಪೆಥಾಲಜಿಸ್ಟ್ ಖಚಿತವಾಗಿ ಬರೆದದ್ದು ನಡೆಯುತ್ತದೆ. ಒಳರೋಗಿಗೆ ಚಿಕಿತ್ಸೆ ಕೊಟ್ಟ ಡಾಕ್ಟರೇ ಬರೆಯಬೇಕು, ಇಲ್ಲದಿದ್ದರೆ ಕ್ವೆರಿ. ಗಡ್ಡೆಯ ಸ್ವಭಾವ ಸೌಮ್ಯವೋ ಅಲ್ಲವೋ ನಿರ್ಧರಿಸಲಾಗದು ಅಂತ ಬಂದರೆ ಡಿ39.0. ರಿಪೋರ್ಟ್ ಇನ್ನೂ ಬಂದಿಲ್ಲ ಅಂತ ಡಿ39.0 ಹಾಕುವವರಿದ್ದಾರೆ, ಅದು ಶುದ್ಧ ತಪ್ಪು.

ಟೇಬಲ್ಲಿಗೆ ಅಂಟಿಸಿದ ಹಳೇ ಚೀಟಿ ನಂಬಬೇಡ. ಅಡಿನೋಮಯೋಸಿಸ್‌ಗೆ (ಒಳಗಾರೆಯೇ ಸ್ನಾಯುವಿನೊಳಗೆ ಬೆಳೆಯುವ ತೊಂದರೆ) ಅದರಲ್ಲಿ ಎನ್80.0 ಅಂತಿದ್ದರೆ, 2022ರ ಅಕ್ಟೋಬರ್ 1ರಿಂದ ಅದು ಎನ್80.03.

ನಿನ್ನ ದೊಡ್ಡಮ್ಮ