ಶ್ರೀರಂಗಪಟ್ಟಣದ ಹೆಸರು ಹೊತ್ತ ಬ್ಯಾರನ್ ಪದವಿ

ಗುಂಪಿನ ಸದಸ್ಯರ ಗಮನಕ್ಕೆ,

ಬ್ರಿಟನ್ನಿನ ಹ್ಯಾರಿಸ್ ಮನೆತನದ ಬ್ಯಾರನ್ ಪದವಿಯ (ವಂಶಪಾರಂಪರ್ಯವಾಗಿ ಬರುವ ಶ್ರೀಮಂತವರ್ಗದ ಬಿರುದು) ಬಗ್ಗೆ ಇಲ್ಲಿ ಬರೆಯುವವರು ದಯವಿಟ್ಟು ಯಾವ ಹ್ಯಾರಿಸ್ ಎಂಬುದನ್ನು ಸ್ಪಷ್ಟಪಡಿಸಬೇಕು. 1799ರ ಮೇ 4ರಂದು ಟಿಪ್ಪು ಸುಲ್ತಾನ ಮಡಿದ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಬ್ರಿಟಿಷ್ ಸೇನೆಯ ನಾಯಕನಾಗಿದ್ದ ಜಾರ್ಜ್ ಹ್ಯಾರಿಸ್‌ನಿಗೆ ಬ್ಯಾರನ್ ಪದವಿ ದೊರೆತದ್ದು 1815ರಲ್ಲಿ, ಅಂದರೆ ಹದಿನಾರು ವರ್ಷಗಳ ನಂತರ. ಪದವಿಯ ಪೂರ್ಣ ಹೆಸರಿನಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಬೆಲ್ಮಾಂಟ್‌ಗಿಂತ ಮೊದಲೇ ಶ್ರೀರಂಗಪಟ್ಟಣ ಮತ್ತು ಮೈಸೂರು ಬರುತ್ತವೆ. ಸೋತವರ ಊರನ್ನು ಗೆದ್ದವರು ಬಿರುದಾಗಿ ಧರಿಸುವ ಈ ಪದ್ಧತಿ ನಮಗೆ ಕಸಿವಿಸಿ ಉಂಟುಮಾಡಿದರೆ ಆಶ್ಚರ್ಯವಿಲ್ಲ.

1829ರಲ್ಲಿ ಪದವಿ ಮಗ ವಿಲಿಯಂನಿಗೆ ಬಂತು. ಮದ್ರಾಸಿನ ಗವರ್ನರ್ ಆಗಿದ್ದವನು ಮೂರನೆಯ ಬ್ಯಾರನ್. ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕನಾಗಿದ್ದು, 1890ರಿಂದ 1895ರವರೆಗೆ ಬೊಂಬಾಯಿಯ ಗವರ್ನರ್ ಆದವನು ಅವನ ಮಗ, ನಾಲ್ಕನೆಯವನು. ಮುಂಬೈ ಶಾಲಾ ಕ್ರಿಕೆಟ್ಟಿನ ಹ್ಯಾರಿಸ್ ಶೀಲ್ಡ್‌ಗೆ ಈತನದೇ ಹೆಸರು. ಅಪ್ಪ-ಮಗ ಇಬ್ಬರನ್ನೂ ಒಬ್ಬನೇ ಎಂದು ಬರೆಯುವುದು ಸಾಮಾನ್ಯ ತಪ್ಪು.

ಪದವಿ ಗಂಡುಸಂತತಿಗೆ ಮಾತ್ರ ಸಲ್ಲುವಂಥದ್ದು. ಆರನೆಯ ಬ್ಯಾರನ್ 1995ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ ಅದು ದೂರದ ಕವಲಿನ ದಾಯಾದಿಗೆ ಹೋಯಿತು. ಮನೆತನದವರ ಬೆಲ್ಮಾಂಟ್ ಮನೆ ಮಾತ್ರ ಪದವಿಯೊಂದಿಗೆ ಹೋಗದೆ ಟ್ರಸ್ಟ್ ಒಂದರ ವಶದಲ್ಲಿ ಉಳಿದಿದೆ.