ಶುಗರ್ ಇರುವವರ ಹಸಿರು ಗ್ಲಾಸಿಗೆ ಜೇನು, ಖರ್ಜೂರ ಯಾಕೆ?

ಮಾನ್ಯ ಸಂಪಾದಕರೇ,

ಮೂರು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ‘ಸಕ್ಕರೆ ಇಲ್ಲದ ಹಸಿರು ಸ್ಮೂದಿ’ ಮಾಡುವ ವಿಧಾನ ಬಂದಿತ್ತು. ಡಯಾಬಿಟಿಸ್ ಇರುವವರಿಗೆ ಒಳ್ಳೆಯದು ಅಂತ ಕೆಳಗೆ ಒಂದು ಸಾಲು ಇತ್ತು. ಅದೇ ಸಾಲಿನ ಬಗ್ಗೆ ಈ ಪತ್ರ.

ಕಾಪುವಿನಲ್ಲಿ ನನ್ನ ಅಕ್ಕ ಇದ್ದಾಳೆ. 68 ವರ್ಷ, ಶುಗರ್ ಇದೆ. ಆ ಪುಟ ಬಂದ ಮೇಲೆ ಫೋನ್ ಮಾಡಿ, "ಪೇಪರಿನಲ್ಲಿ ಬಂದ ಜ್ಯೂಸು ಎಷ್ಟು ಚಂದ ಉಂಟು ಮಾರಾಯ್ತಿ, ದಿನಾ ಮಾಡಿ ಕುಡೀತೇನೆ, ಸಕ್ಕರೆಯೇ ಇಲ್ಲ" ಅಂದಳು. ನನಗೆ ಯಾಕೋ ಸಮಾಧಾನ ಆಗಲಿಲ್ಲ. ಮರುದಿನ ಬಸ್ಸು ಹತ್ತಿ ಹೋದೆ. ಕುಡಿಯುವ ಮೊದಲು ಗ್ಲುಕೋಮೀಟರಿನಲ್ಲಿ ನೋಡಿದಾಗ 131 ಇತ್ತು, ಎರಡು ಗಂಟೆ ಬಿಟ್ಟು ನೋಡಿದರೆ 268. ಅಕ್ಕ ಮೀಟರ್ ಹಾಳಾಗಿದೆ ಅಂದಳು. ನನ್ನ ಮೀಟರಿನಲ್ಲೂ ಹೆಚ್ಚು ಕಡಿಮೆ ಅಷ್ಟೇ ಬಂತು.

ಆ ಸ್ಮೂದಿಯಲ್ಲಿ ಇದ್ದದ್ದು ಎರಡು ದೊಡ್ಡ ಕ್ಯಾವೆಂಡಿಶ್ ಬಾಳೆಹಣ್ಣು, ನಾಲ್ಕು ಖರ್ಜೂರ, ಒಂದು ದೊಡ್ಡ ಚಮಚ ಜೇನು, ಒಂದು ಹಿಡಿ ಪಾಲಕ್. ಡಬ್ಬಿಯಿಂದ ತೆಗೆದ ಸಕ್ಕರೆ ಇಲ್ಲ, ಅದು ನಿಜ. ಆದರೆ ಅಂಥ ಒಂದು ಬಾಳೆಹಣ್ಣಿನಲ್ಲಿ ಕಡಿಮೆ ಅಂದರೂ 14 ಗ್ರಾಂ ಸಕ್ಕರೆ ಅಂಶ ಇರುತ್ತದೆ, ದೊಡ್ಡ ಚಮಚ ಜೇನಿನಲ್ಲಿ 17 ಗ್ರಾಂ, ಸಣ್ಣ ಖರ್ಜೂರ ಒಂದಕ್ಕೆ 5 ಗ್ರಾಂ ಅಂತ ಹಿಡಿದರೂ ಎಲ್ಲ ಸೇರಿ 65 ಗ್ರಾಂ ಆಯಿತು. ಚಹಾ ಚಮಚದ ಲೆಕ್ಕದಲ್ಲಿ 15 ಚಮಚಕ್ಕಿಂತ ಜಾಸ್ತಿ. ಚಹಾಕ್ಕೆ ಅರ್ಧ ಚಮಚ ಹಾಕಲೂ ಹೆದರುವ ಅಕ್ಕ ಇದನ್ನು ದಿನಾ ಬೆಳಿಗ್ಗೆ ಕುಡಿಯುತ್ತಿದ್ದಳು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಲ್ಲಿ ಮೇಲಿಂದ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಇನ್ನೂ ಒಳ್ಳೆಯದು ಅಂತ ಇದೆ, ಅದೂ ಆರೋಗ್ಯವಾಗಿರುವವರಿಗೆ, ಮತ್ತು ಆ ಲೆಕ್ಕದಲ್ಲಿ ಜೇನೂ ಬರುತ್ತದೆ. ಬೆಲ್ಲವೂ ಅಷ್ಟೇ. ನಮ್ಮ ಉಡುಪಿ ಕಡೆ ಸಾರಿಗೂ ಬೆಲ್ಲ, ಪಲ್ಯಕ್ಕೂ ಬೆಲ್ಲ, ಹಾಗಾಗಿ ಬೆಲ್ಲ ಅಂದರೆ ಸಿಹಿ ಅಲ್ಲ ಅನ್ನುವ ಹಾಗೆ ನಾವು ನಡೆದುಕೊಳ್ಳುತ್ತೇವೆ. ಮೀಟರಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಜನ ಬಾಳೆಹಣ್ಣು, ಜೇನು ಯಾಕೆ ಹಾಕುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಹಾಕದಿದ್ದರೆ ಕುಡಿಯಲು ಆಗುವುದಿಲ್ಲ. ನನಗೆ ಶುಗರ್ ಬಂದು 12 ವರ್ಷ ಆಯಿತು. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಕೆಲವೊಮ್ಮೆ ಬಾಯಿಯಲ್ಲಿ ಕಬ್ಬಿಣ ಚೀಪಿದ ಹಾಗೆ ರುಚಿ ಬರುತ್ತದೆ, ಹೊಟ್ಟೆ ತೊಳಸುತ್ತದೆ. ಆ ಬಾಯಿಗೆ ಹಸಿ ಪಾಲಕ್ ಅರೆದು ನೀರು ಸೇರಿಸಿ ಕೊಟ್ಟರೆ ಹೇಗಿರುತ್ತದೆ ಹೇಳಿ. ಎರಡು ವರ್ಷದ ಹಿಂದೆ ನಾನು ಮೊದಲ ಸಲ ಮಾಡಿದ್ದು ಹಾಗೆಯೇ. ಮೇಲೆ ಒಂದು ಇಂಚು ನೊರೆ, ಕೆಳಗೆ ಹುಲ್ಲಿನ ವಾಸನೆಯ ನೀರು. ಎರಡು ಗುಟುಕು ಕುಡಿದು ಚೆಲ್ಲಿದೆ. ಆಮೇಲೆ ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ದಾರಿ ತೋರಿಸಿದ್ದು ತಂಬುಳಿ. ಒಂದು ಮಧ್ಯಾಹ್ನ ಒಂದೆಲಗದ ತಂಬುಳಿ ಮಾಡಿದ್ದೆ. ಅನ್ನಕ್ಕೆ ಬಡಿಸಿ ಉಳಿದದ್ದನ್ನು ಲೋಟಕ್ಕೆ ಹಾಕಿ ಸುಮ್ನೆ ಕುಡಿದೆ, ನಮ್ಮ ಮನೆಯಲ್ಲಿ ಮೊದಲಿನಿಂದಲೂ ಹಾಗೆ ಕುಡಿಯುವುದು ಇದೆ. ಕುಡಿಯುತ್ತಾ ಇರುವಾಗ ಹೊಳೆಯಿತು, ಇದೂ ಹಸಿರು ಗ್ಲಾಸೇ ಅಲ್ವಾ? ಇದರಲ್ಲಿ ಒಂದು ಹರಳು ಸಿಹಿ ಇಲ್ಲ. ಆದರೂ ಇಷ್ಟು ರುಚಿ ಎಲ್ಲಿಂದ ಬಂತು? ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಸೊಪ್ಪು ಬಾಡಿಸುತ್ತೇವೆ, ಅಲ್ಲಿಗೆ ಹಸಿ ವಾಸನೆ ಹೋಯಿತು. ತೆಂಗಿನಕಾಯಿ ಸೇರಿಸಿ ಅರೆಯುತ್ತೇವೆ, ಅದರ ಕೊಬ್ಬು ಸೊಪ್ಪಿನ ಒಗರನ್ನು ಮೆತ್ತಗೆ ಮಾಡುತ್ತದೆ. ಮಜ್ಜಿಗೆಯ ಹುಳಿ ಇದೆ, ಉಪ್ಪು ಇದೆ. ನಮ್ಮ ಅಮ್ಮ, ಅಜ್ಜಿ ಸೊಪ್ಪನ್ನು ಕುಡಿಯುವ ಹಾಗೆ ಮಾಡುವುದನ್ನು ಯಾವತ್ತೋ ಕಲಿತಿದ್ದರು. ನಾನು ಫೋನಿನಲ್ಲಿ ಹುಡುಕುತ್ತಾ ಕೂತಿದ್ದೆ.

ಅಲ್ಲಿಂದ ಶುರು ಮಾಡಿ ಒಂದೊಂದೇ ತಿದ್ದುತ್ತಾ ಬಂದೆ. ಈಗ ನಾನು ಮಾಡುವುದು ಹೀಗೆ. ಪಾಲಕ್ ಹದಿನೈದು ಎಲೆ, ಅದಕ್ಕಿಂತ ಜಾಸ್ತಿ ಇಲ್ಲ. ಸೊಪ್ಪು ಒಳ್ಳೆಯದು ಅಂತ ಒಂದು ಕಟ್ಟು ತುಂಬಿದರೆ ಯಾವ ಮಸಾಲೆಯೂ ಅದನ್ನು ಉಳಿಸುವುದಿಲ್ಲ. ಕುದಿಯುವ ನೀರಿಗೆ ಹಾಕಿ ಅರ್ಧ ನಿಮಿಷಕ್ಕೆ ತೆಗೆದು ತಣ್ಣೀರಿಗೆ ಹಾಕುತ್ತೇನೆ, ಬೇಯಿಸಿದ ನೀರು ಚೆಲ್ಲುತ್ತೇನೆ. ಹಸಿ ವಾಸನೆ ಹೋಗುತ್ತದೆ, ಪಾಲಕ್‌ನಲ್ಲಿರುವ ಆಕ್ಸಲೇಟ್ (ಕಿಡ್ನಿಯಲ್ಲಿ ಕಲ್ಲು ಕಟ್ಟಿಸುವ ಅಂಶ) ಕೂಡ ಸ್ವಲ್ಪ ಆ ನೀರಿನಲ್ಲಿ ಹೋಗುತ್ತದೆ. ಮಿಕ್ಸಿಗೆ ಮೊದಲು ಸೊಪ್ಪು, ಅರ್ಧ ಇಂಚು ಶುಂಠಿ, ಐದಾರು ಪುದೀನ ಎಲೆ, ಸ್ವಲ್ಪವೇ ನೀರು. ಇದು ಬೆಣ್ಣೆಯ ಹಾಗೆ ನುಣ್ಣಗಾಗಬೇಕು. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಸೊಪ್ಪಿನ ಚೂರು ಹಲ್ಲಿಗೆ ಸಿಗುತ್ತದೆ, ಅರ್ಧ ಜನ ಸ್ಮೂದಿ ಬಿಡುವುದು ಈ ಚೂರಿಗಾಗಿಯೇ ಅಂತ ನನ್ನ ಅಂದಾಜು. ಆಮೇಲೆ ಅರ್ಧ ಎಳೆ ಮುಳ್ಳುಸೌತೆ, ಕಾಲು ಭಾಗ ಬೆಣ್ಣೆಹಣ್ಣು (ಅವಕಾಡೊ), ಅರ್ಧ ಕಪ್ ಮೊಸರು, ಹುರಿದ ಜೀರಿಗೆ ಪುಡಿ, ಎರಡು ಐಸ್ ತುಂಡು. ಬೆಣ್ಣೆಹಣ್ಣು ದುಬಾರಿ, ಎಲ್ಲ ದಿನ ಸಿಗುವುದೂ ಇಲ್ಲ, ಇಲ್ಲದ ದಿನ ಎರಡು ಚಮಚ ಕಾಯಿತುರಿ ಹಾಕುತ್ತೇನೆ, ನನಗೆ ನಿಜ ಹೇಳಬೇಕೆಂದರೆ ಅದೇ ಹೆಚ್ಚು ಇಷ್ಟ. ಒಂದು ಚಿಟಿಕೆ ಉಪ್ಪು ಮರೆಯಬಾರದು. ಕಹಿಯನ್ನು ಅಡಗಿಸುವುದು ಸಿಹಿ ಮಾತ್ರ ಅಂತ ನಾವು ಅಂದುಕೊಂಡಿದ್ದೇವೆ, ಉಪ್ಪು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಬಿಪಿ ಇರುವವರು ಚಿಟಿಕೆಯನ್ನು ಚಿಟಿಕೆಯಾಗಿಯೇ ಇಡಬೇಕು.

ಹುಳಿ ಕೊನೆಗೆ. ಲಿಂಬೆ, ಅರ್ಧ ನೆಲ್ಲಿಕಾಯಿ, ಕಾಲ ಬಂದಾಗ ಒಂದು ತುಂಡು ಮಾವಿನಕಾಯಿ. ಮೊದಲೇ ಹಾಕಿಟ್ಟರೆ ಹುಳಿ ತಾಗಿ ಸೊಪ್ಪಿನ ಹಸಿರು ಕಂದು ಬಣ್ಣಕ್ಕೆ ತಿರುಗುತ್ತದೆ, ನೋಡಿದರೆ ಕುಡಿಯಲು ಮನಸ್ಸು ಬರುವುದಿಲ್ಲ. ಒಮ್ಮೆ ಪುನರ್ಪುಳಿ (ಕೋಕಂ) ನೆನೆಸಿದ ನೀರು ಹಾಕಿ ನೋಡಿದೆ. ರುಚಿ ಬಹಳ ಒಳ್ಳೆಯದಿತ್ತು, ಬಣ್ಣ ಮಾತ್ರ ಕೆಸರು. ಕಣ್ಣು ಮುಚ್ಚಿ ಕುಡಿಯುವವರು ಮಾಡಬಹುದು. ಸಿಹಿ ಬೇಕೇ ಬೇಕು ಅನ್ನಿಸುವ ದಿನ ಒಂದು ಏಲಕ್ಕಿ ಜಜ್ಜಿ ಹಾಕುತ್ತೇನೆ. ಪಾಯಸದಲ್ಲಿ ಆ ಪರಿಮಳಕ್ಕೆ ಒಗ್ಗಿದ ನಾಲಿಗೆಗೆ ಸಿಹಿ ಇದ್ದ ಹಾಗೆಯೇ ಅನ್ನಿಸುತ್ತದೆ. ಸೋಸಬಾರದು, ಸೋಸಿದರೆ ನಾರು ಹೋಗುತ್ತದೆ. ಈ ಗ್ಲಾಸಿನಲ್ಲಿ ಎಲ್ಲ ಸೇರಿ ಸುಮಾರು ಹತ್ತರಿಂದ ಹದಿನೈದು ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್) ಇದೆ, ಅದರಲ್ಲಿ ಒಂದು ಪಾಲು ನಾರೇ. ಜೊತೆಗೆ ಒಂದು ದೋಸೆ, ಒಂದು ಮೊಟ್ಟೆ ತಿಂದು ಎರಡು ಗಂಟೆಗೆ ನೋಡಿದರೂ ನನ್ನ ಮೀಟರ್ 160 ದಾಟುವುದು ಕಡಿಮೆ. ನಿಮ್ಮ ದೇಹ ಬೇರೆ ಇರಬಹುದು, ನೀವೇ ನೋಡಿಕೊಳ್ಳಬೇಕು.

ದೋಸೆ ಅಂದೆ, ಅದಕ್ಕೆ ಕಾರಣ ಇದೆ. ಮೊದಮೊದಲು ನಾನು ತಿಂಡಿ ಬಿಟ್ಟು ಬರೀ ಈ ಗ್ಲಾಸು ಕುಡಿಯುತ್ತಿದ್ದೆ. ನನ್ನ ಮಾತ್ರೆಗಳಲ್ಲಿ ಗ್ಲಿಮೆಪಿರೈಡ್ ಕೂಡ ಇದೆ, ಅದು ಊಟ ಮಾಡಲಿ ಬಿಡಲಿ ಸಕ್ಕರೆ ಇಳಿಸುತ್ತದೆ. ಒಂದು ದಿನ ಮಣಿಪಾಲಕ್ಕೆ ಹೊರಟಿದ್ದೆ, ಬಸ್ಸು ಇಂದ್ರಾಳಿ ದಾಟುವಾಗ ಮೈಯೆಲ್ಲ ಬೆವರು, ಕೈ ನಡುಕ, ಕಣ್ಣಿಗೆ ಕತ್ತಲೆ. ಬ್ಯಾಗಿನಲ್ಲಿದ್ದ ಮೀಟರ್ ತೆಗೆದು ನೋಡಿದರೆ 61. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ "ಆಂಟಿ, ಇದು ಕುಡೀರಿ" ಅಂತ ತನ್ನ ಜ್ಯೂಸ್ ಪ್ಯಾಕೆಟ್ ಕೊಟ್ಟಳು. ಅವಳ ಹೆಸರು ಕೇಳಲೂ ನನಗೆ ಆಗ ಪ್ರಜ್ಞೆ ಇರಲಿಲ್ಲ. ಈ ಪತ್ರ ಅವಳ ಕಣ್ಣಿಗೆ ಬಿದ್ದರೆ, ಮಗಾ, ನಿನಗೆ ಒಳ್ಳೆಯದಾಗಲಿ. ಇನ್ಸುಲಿನ್ ಅಥವಾ ಇಂಥ ಮಾತ್ರೆ ಇರುವವರು ತಿಂಡಿಯ ಬದಲು ಸ್ಮೂದಿ ಕುಡಿಯುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಇದನ್ನು ಯಾವ ಪುರವಣಿಯೂ ಬರೆದದ್ದು ನಾನು ನೋಡಿಲ್ಲ.

ಇನ್ನೊಂದು ಸಂಗತಿ. ಪಕ್ಕದ ಮನೆಯ ಅಣ್ಣನಿಗೆ ಕಿಡ್ನಿ ತೊಂದರೆ, ವಾರಕ್ಕೆ ಮೂರು ಸಲ ಡಯಾಲಿಸಿಸ್. ನಾನು ಕುಡಿಯುವುದು ನೋಡಿ ತಾನೂ ಶುರು ಮಾಡುತ್ತೇನೆ ಅಂದರು. ಪುಣ್ಯಕ್ಕೆ ಡಯಾಲಿಸಿಸ್ ಮಾಡುವ ಸಿಸ್ಟರ್ ಹತ್ತಿರ ಮೊದಲು ಕೇಳಿದರು. ಅವರು ಬೇಡವೇ ಬೇಡ ಅಂದರಂತೆ. ಸೊಪ್ಪಿನಲ್ಲಿ, ಬೆಣ್ಣೆಹಣ್ಣಿನಲ್ಲಿ ಪೊಟ್ಯಾಶಿಯಂ ಜಾಸ್ತಿ, ಕೆಟ್ಟ ಕಿಡ್ನಿ ಅದನ್ನು ಹೊರಗೆ ಹಾಕುವುದಿಲ್ಲ, ಹೃದಯಕ್ಕೇ ಅಪಾಯ. ನಮ್ಮ ಹಿತ್ತಲಿನ ದಾರೆಹುಳಿ (ಸ್ಟಾರ್ ಫ್ರೂಟ್) ಕಿಡ್ನಿ ರೋಗಿಗಳಿಗೆ ವಿಷವೇ. ಅದೇ ಜಾತಿಯ ಬಿಂಬುಳಿಯ (ಬಿಲಿಂಬಿ) ಹಸಿ ರಸ ಕೊಲೆಸ್ಟರಾಲಿಗೆ ಒಳ್ಳೆಯದು ಅಂತ ಕುಡಿದು ಕೇರಳದಲ್ಲಿ ಆರೋಗ್ಯವಾಗಿದ್ದವರೇ ಕಿಡ್ನಿ ಕೆಡಿಸಿಕೊಂಡಿದ್ದಾರೆ, ಅದೂ ಆಕ್ಸಲೇಟ್‌ನಿಂದ. ಹೃದಯದ ವಾಲ್ವ್ ಬದಲಿಸಿ, ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ತರಹದ ಮಾತ್ರೆ ನುಂಗುವವರು ಇದ್ದಕ್ಕಿದ್ದ ಹಾಗೆ ಸೊಪ್ಪು ಜಾಸ್ತಿ ಮಾಡಿದರೆ ಅದರ ವಿಟಮಿನ್ ಕೆ ಮಾತ್ರೆಯ ಕೆಲಸವನ್ನೇ ಕಡಿಮೆ ಮಾಡುತ್ತದೆ. ಸೋರೆಕಾಯಿ, ಮುಳ್ಳುಸೌತೆ ಯಾವುದೇ ಇರಲಿ, ತುದಿ ಕತ್ತರಿಸಿ ನಾಲಿಗೆಗೆ ತಾಗಿಸಿ ನೋಡಿ, ಕಹಿ ಇದ್ದರೆ ಬಿಸಾಡಿ. 2010ರಲ್ಲಿ ದೆಹಲಿಯಲ್ಲಿ ಒಬ್ಬ ವಿಜ್ಞಾನಿ ಕಹಿ ಸೋರೆಕಾಯಿ ರಸ ಕುಡಿದು ತೀರಿಕೊಂಡ ಮೇಲೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ತಜ್ಞರ ಸಮಿತಿಯೂ ಅದನ್ನೇ ಹೇಳಿತು.

ಚಕ್ರಮುನಿ ಸೊಪ್ಪಿನ ಬಗ್ಗೆ ವಿಶೇಷವಾಗಿ ಬರೆಯಬೇಕು, ಯಾಕೆಂದರೆ ಅದು ನಮ್ಮಲ್ಲಿ ಮನೆ ಮನೆಯ ಬೇಲಿಯಲ್ಲಿ ಇದೆ, ವಿಟಮಿನ್ ಸೊಪ್ಪು ಅಂತಲೇ ಅದಕ್ಕೆ ಹೆಸರು. ಪಲ್ಯ, ಸಾಂಬಾರು ಮಾಡಿ ಹಿತಮಿತವಾಗಿ ನಾವೆಲ್ಲ ತಿಂದಿದ್ದೇವೆ. ಆದರೆ 1990ರ ದಶಕದ ಮಧ್ಯದಲ್ಲಿ ತೈವಾನಿನಲ್ಲಿ ತೂಕ ಇಳಿಸಲು ಇದರ ಹಸಿ ರಸವನ್ನು ದಿನಾ ಕುಡಿದ ಇನ್ನೂರಕ್ಕೂ ಹೆಚ್ಚು ಜನರ ಶ್ವಾಸಕೋಶ ಹಾಳಾಯಿತು, ಕೆಲವರು ತೀರಿಕೊಂಡರು. ನನಗೆ ಇದು ಗೊತ್ತಾದದ್ದು ನಾನೇ ಎರಡು ಸಲ ಹಸಿಯಾಗಿ ಮಿಕ್ಸಿಗೆ ಹಾಕಿದ ಮೇಲೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಆಟಿ (ಆಷಾಢ) ಅಮಾವಾಸ್ಯೆಗೆ ಹಾಲೆ ಮರದ ಕಹಿ ಕಷಾಯ ಕುಡಿಯುವವರು ನಾವು. ಆದರೆ ಅದು ವರ್ಷಕ್ಕೆ ಒಂದೇ ದಿನ, ಅದೂ ಮರದ ಗುರುತು ಸರಿಯಾಗಿ ಗೊತ್ತಿರುವ ಹಿರಿಯರು ಕೆತ್ತಿ ತಂದ ತೊಗಟೆಯಿಂದ, ಮೆಣಸು ಬೆಳ್ಳುಳ್ಳಿ ಹಾಕಿ, ಮೇಲಿಂದ ಮೆಂತೆ ಗಂಜಿ. ಎಷ್ಟು, ಯಾವಾಗ, ಯಾರಿಗೆ ಅಂತ ಅಳತೆ ಇತ್ತು. ಸ್ಮೂದಿಗೂ ಆ ಅಳತೆ ಬೇಕು ಅಂತ ನಾನು ಕೇಳುತ್ತಿದ್ದೇನೆ.

2023ರಲ್ಲಿ ಹೊರಬಂದ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಡಯಾಬಿಟಿಸ್ ಇದೆ. ನಿಮ್ಮ ಪತ್ರಿಕೆ ಓದುವ ಎಷ್ಟು ಮನೆಗಳಲ್ಲಿ ಒಬ್ಬರಾದರೂ ಇಲ್ಲ ಹೇಳಿ. ನಿಮ್ಮ ಪುರವಣಿ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ, ಅದನ್ನು ಮೂವತ್ತು ವರ್ಷದಿಂದ ಕತ್ತರಿಸಿ ಇಟ್ಟುಕೊಂಡವಳು ನಾನು. ‘ಡಯಾಬಿಟಿಸ್ ಇರುವವರಿಗೆ’ ಅಂತ ಹಾಕುವಾಗ ಒಂದು ಗ್ಲಾಸಿಗೆ ಎಷ್ಟು ಗ್ರಾಂ ಸಕ್ಕರೆ, ಎಷ್ಟು ಕಾರ್ಬ್ ಅಂತ ಕೆಳಗೆ ಬರೆಯಿರಿ. ಯಾರು ಕುಡಿಯಬಾರದು ಅಂತ ಒಂದು ಸಾಲು ಹಾಕಿ. ಬೆಲ್ಲ, ಜೇನು, ಖರ್ಜೂರ ಇದ್ದರೆ ‘ಸಕ್ಕರೆ ಇಲ್ಲದ’ ಅನ್ನುವ ಮಾತು ಬಿಡಿ. ಒಬ್ಬ ಡಯಟೀಶಿಯನ್ ಕಣ್ಣಿಗೆ ತೋರಿಸಿ ಅಚ್ಚಿಗೆ ಕಳಿಸಿದರೆ ಇನ್ನೂ ಒಳ್ಳೆಯದು, ಅಂಥವರಿಗೆ ಉಡುಪಿ, ಮಣಿಪಾಲ, ಮಂಗಳೂರಿನಲ್ಲಿ ಬರಗಾಲ ಇಲ್ಲ.

ಅಕ್ಕ ಈಗ ನನ್ನ ಅಳತೆಯಲ್ಲೇ ಮಾಡುತ್ತಿದ್ದಾಳೆ. ಬೆಣ್ಣೆಹಣ್ಣು ಅವಳಿಗೆ ಹಿಡಿಸಲಿಲ್ಲ, ಕಾಯಿತುರಿ, ಮಜ್ಜಿಗೆ, ಒಂದೆಲಗ ಸಾಕು ಅಂದಳು. ನಿನ್ನೆ ಎರಡು ಗಂಟೆ ಬಿಟ್ಟು 152 ಬಂತಂತೆ, ಬೆಳಿಗ್ಗೆಯೇ ಫೋನ್ ಮಾಡಿದ್ದಳು.

ಇತಿ,
ನಿಮ್ಮ ಹಳೆಯ ಓದುಗಿ,
ಕಡಿಯಾಳಿ, ಉಡುಪಿ